ವಿಂಡೋಸ್ 98 ಇರೋ ಹಳೇ ಕಂಪ್ಯೂಟರಿಂದ ಹೊಸ ಲ್ಯಾಪ್‌ಟಾಪ್‌ಗೆ ನೆಟ್‌ವರ್ಕಲ್ಲೇ ಫೈಲ್ ತರೋದು ಹೇಗೆ

ಮಂಡ್ಯದಲ್ಲಿ ನಮ್ ಸೋದರಮಾವಂದು ಒಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಊರಹಬ್ಬದ ಕರಪತ್ರ, ಶಾಲೆ ವಾರ್ಷಿಕೋತ್ಸವದ ಸ್ಮರಣ ಸಂಚಿಕೆ ಎಲ್ಲಾ ಅಲ್ಲೇ ಕಂಪೋಸ್ ಆಗಿ ಪ್ರೆಸ್ಸಿಗೆ ಹೋಗ್ತಿತ್ತು. ಅಂಗಡಿ ಮೂಲೇಲಿ ಒಂದು ಪೆಂಟಿಯಂ ತ್ರೀ ಮಿಷನ್ನು, ವಿಂಡೋಸ್ 98 ಸೆಕೆಂಡ್ ಎಡಿಷನ್ನು, ಅದ್ರೊಳಗೆ ಪುಟ ಜೋಡಿಸೋ ಪೇಜ್‌ಮೇಕರ್ 6.5, ಕನ್ನಡ ಟೈಪ್ ಮಾಡೋ ನುಡಿ, ಬರಹ ಸಾಫ್ಟ್‌ವೇರು, ಹಿಂದ್ಗಡೆ ಪ್ರಿಂಟರ್ ಪೋರ್ಟಿಗೆ ಒಂದು ಫಾಂಟ್ ಪ್ಯಾಕೇಜಿನ ಲಾಕ್ (ಅದಿದ್ರೇನೇ ಆ ಪ್ಯಾಕೇಜು ಓಡೋದು) ಸಿಕ್ಕಿಸಿದೆ, ಇವತ್ತಿಗೂ ಸ್ವಿಚ್ ಹಾಕಿದ್ರೆ ಆನ್ ಆಗುತ್ತೆ. ಹೋದ ವರ್ಷ ಒಬ್ರು ಬಂದು, ನಮ್ಮ ತಾಯಿ ಹಾಡ್ತಿದ್ದ ಸೋಬಾನೆ ಪದಗಳನ್ನೆಲ್ಲಾ ಕೂಡಿಸಿ ನಮ್ಮಪ್ಪ ಇಲ್ಲೇ ಪುಸ್ತಕ ಮಾಡಿಸಿದ್ರು, ನಮ್ಮನೇಲಿ ಒಂದು ಪ್ರತಿನೂ ಉಳಿದಿಲ್ಲ, ನಿಮ್ಮತ್ರ ಏನಾದ್ರೂ ಇದೆಯಾ ಅಂತ ಕೇಳಿದ್ರು. ಮಾವ ಹುಡುಕಿದ್ರೆ ಇತ್ತು. ಆದ್ರೆ ಆ ಮಿಷನ್ನಿಂದ ಆಚೆಗೆ ತರೋದು ಹೆಂಗೆ? ಆ ಒಂದು ಫೈಲಿಗೋಸ್ಕರ ಶುರು ಮಾಡಿದ್ದು, ಕೊನೆಗೆ ಇಡೀ ಮಿಷನ್ನೇ ಖಾಲಿ ಮಾಡಿದ್ವಿ. ಇಂಥ ಮಿಷನ್ನು ನಮ್ಮ ಕಡೆ ಎಷ್ಟೋ ಪ್ರೆಸ್ಸು, ಎಷ್ಟೋ ಮನೆ ಅಟ್ಟದಲ್ಲಿ ಇದಾವೆ, ಅದ್ಕೆ ಮಾಡಿದ್ದನ್ನ ಮಾಡಿದ ಹಂಗೇ ಬರೀತಿದೀನಿ.

ಪೆನ್ ಡ್ರೈವ್ ಹಾಕಿದ್ರೆ ಆಯ್ತಲ್ಲ ಅಂತ ಎಲ್ರೂ ಮೊದ್ಲು ಕೇಳೋದು. ವಿಂಡೋಸ್ 98ಕ್ಕೆ ಪೆನ್ ಡ್ರೈವ್ ಅಂದ್ರೆ ಏನು ಅಂತ ತಾನಾಗೇ ಗೊತ್ತಾಗಲ್ಲ, ಬೇರೆ ಡ್ರೈವರ್ ಹಾಕ್ಬೇಕು, ಹಾಕಿದ್ರೂ ಆ ಕಾಲದ ಬೋರ್ಡಲ್ಲಿ ಇರೋದು ಯುಎಸ್‌ಬಿ 1.1, ಸೆಕೆಂಡಿಗೆ ಒಂದು ಎಂಬಿ ಹೋದ್ರೆ ಹೆಚ್ಚು. ಹಾರ್ಡ್ ಡಿಸ್ಕ್ ಬಿಚ್ಚಿ ಐಡಿಇ ಟು ಯುಎಸ್‌ಬಿ ಅಡಾಪ್ಟರಿಗೆ, ಅಂದ್ರೆ ಹಳೇ ಡಿಸ್ಕನ್ನ ಯುಎಸ್‌ಬಿಗೆ ಜೋಡಿಸೋ ಸಾಧನಕ್ಕೆ ಹಾಕೋದು ಇನ್ನೊಂದು ದಾರಿ. ನಿಮ್ ಡಿಸ್ಕು ಕಟಕಟ ಅಂತ ಸದ್ದು ಮಾಡ್ತಿದ್ರೆ ಈ ಲೇಖನ ಇಲ್ಲಿಗೇ ಬಿಟ್ಟು ಮೊದ್ಲು ಅದನ್ನೇ ಮಾಡಿ, ಸಾಯ್ತಿರೋ ಡಿಸ್ಕನ್ನ ಓಡಿಸ್ಕೊಂಡು ನೆಟ್‌ವರ್ಕ್ ಸೆಟಪ್ ಮಾಡ್ತಾ ಕೂರೋ ಟೈಮಲ್ಲ ಅದು. ಡಿಸ್ಕು ಚೆನ್ನಾಗಿದೆ, ಮಿಷನ್ನು ಇನ್ನೂ ಬಳಕೇಲಿದೆ, ಮತ್ತೆ ಮತ್ತೆ ಫೈಲ್ ಆ ಕಡೆ ಈ ಕಡೆ ಹೋಗ್ಬೇಕು ಅಂದ್ರೆ ನೆಟ್‌ವರ್ಕೇ ಸರಿ.

ಆನ್ ಮಾಡೋ ಮುಂಚೆ

ವರ್ಷಗಟ್ಟಲೆ ಆಫ್ ಆಗಿದ್ದ ಮಿಷನ್ನಾದ್ರೆ ನೇರ ಸ್ವಿಚ್ ಹಾಕ್ಬೇಡಿ. ಕ್ಯಾಬಿನೆಟ್ ಬಿಚ್ಚಿ, ಧೂಳು ಬ್ರಷ್ಷಲ್ಲಿ ತೆಗೀರಿ, ಮದರ್‌ಬೋರ್ಡ್ ಮೇಲಿನ ಕೆಪಾಸಿಟರ್ ತಲೆ ಉಬ್ಬಿದ್ಯಾ, ಕಂದು ಬಣ್ಣದ ಅಂಟು ಸೋರಿದ್ಯಾ ನೋಡಿ, ಫ್ಯಾನ್ ಬೆರಳಲ್ಲಿ ತಿರುಗಿಸಿದ್ರೆ ತಿರುಗ್ಬೇಕು. ನಾಣ್ಯದ ಥರ ಇರೋ ಬ್ಯಾಟರಿ, ಸಿಆರ್ 2032, ಸತ್ತೇ ಹೋಗಿರುತ್ತೆ, ಹೊಸದು ಹಾಕಿ ಬಯೋಸ್‌ಗೆ (ವಿಂಡೋಸ್ ಶುರುವಾಗೋ ಮುಂಚೆ ಸಿಗೋ ಸೆಟಪ್ ಪರದೆ) ಹೋಗಿ ತಾರೀಖು ಸರಿ ಮಾಡಿ. ಇದನ್ನ ಮರೀಬೇಡಿ, ತಾರೀಖಿನ ವಿಷ್ಯ ಕೊನೇಲಿ ಬಹಳ ಮುಖ್ಯ ಆಗುತ್ತೆ.

ನೆಟ್‌ವರ್ಕ್ ಕಾರ್ಡು

ಬಹಳಷ್ಟು ಹಳೇ ಮಿಷನ್ನಲ್ಲಿ ಲ್ಯಾನ್ ಪೋರ್ಟ್, ಅಂದ್ರೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸೋ ಜಾಗ, ಇರಲ್ಲ. ಪಿಸಿಐ ಸ್ಲಾಟಿಗೆ ಹಾಕೋ ಲ್ಯಾನ್ ಕಾರ್ಡ್ ಬೇಕು. ಬಿಳೀ ಬಣ್ಣದ ಗಿಡ್ಡ ಸ್ಲಾಟ್ ಪಿಸಿಐ, ಕಪ್ಪು ಉದ್ದದ್ದು ಐಎಸ್‌ಎ, ಅದನ್ನ ಬಿಟ್ಬಿಡಿ. ಹಳೇ ಕಾರ್ಡ್ ಹುಡುಕೋವಾಗ ಮೇಲಿರೋ ಚಿಪ್ಪಲ್ಲಿ ರಿಯಲ್‌ಟೆಕ್ 8139 ಅಂತ ಇದ್ರೆ ಕಣ್ಮುಚ್ಚಿ ತಗೊಳ್ಳಿ, 100 ಎಂಬಿಪಿಎಸ್ ಕಾರ್ಡು, ಒಂದು ಕಾಲದಲ್ಲಿ ಎಲ್ಲಾ ಸೈಬರ್ ಸೆಂಟರಲ್ಲೂ ಇದೇ ಇತ್ತು, 98ಕ್ಕೆ ಡ್ರೈವರ್ ಇದೆ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗೋರಿದ್ರೆ ಹೇಳಿ ತರಿಸ್ಕೊಳ್ಳಿ, ಇಲ್ಲಾ ನಿಮ್ಮೂರಲ್ಲೇ ಕಂಪ್ಯೂಟರ್ ರಿಪೇರಿ ಮಾಡೋರ ಹತ್ರ ಕೇಳಿ ನೋಡಿ, ನಮಗೆ ಸಿಕ್ಕಿದ್ದು ಹಂಗೇ, ಮಾವನ ಪರಿಚಯದೋರು ಒಬ್ರು ಹಳೇ ಬೋರ್ಡ್‌ಗಳ ರಾಶಿಯಿಂದ ತೆಗೆದು ಕೊಟ್ರು, ಕಾಸೂ ತಗೊಳ್ಳಿಲ್ಲ.

ಪವರ್ ಕಾರ್ಡ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಒಂದ್ಸಲ ಮುಟ್ಟಿ, ಆಮೇಲೆ ಕಾರ್ಡ್ ಒತ್ತಿ ಕೂರಿಸಿ ಸ್ಕ್ರೂ ಹಾಕಿ. ಆನ್ ಮಾಡಿದ್ರೆ ಹೊಸ ಹಾರ್ಡ್‌ವೇರ್ ಸಿಕ್ತು ಅಂತ ಡ್ರೈವರ್ ಕೇಳುತ್ತೆ. ಆ ಡ್ರೈವರ್ ಮಿಷನ್ನಿಗೆ ತಲುಪಿಸೋಕೆ ಫ್ಲಾಪಿ, ಇಲ್ಲಾ ಸಿಡಿ. ಸಿಡಿ ಬರೀತೀರಾ ಅಂದ್ರೆ ಸಿಡಿ-ಆರ್ ತಗೊಂಡು ಕಡಿಮೆ ಸ್ಪೀಡಲ್ಲಿ ಬರೀರಿ, ಹಳೇ ಡ್ರೈವು ಡಿವಿಡಿ ಓದಲ್ಲ, ರೀರೈಟಬಲ್ ಸಿಡಿನೂ ಎಷ್ಟೋ ಸಲ ಓದಲ್ಲ. ನಡುವೆ ವಿಂಡೋಸ್ 98 ಸಿಡಿ ಹಾಕು ಅಂತ ಹಠ ಮಾಡುತ್ತೆ. ಸಿಡಿ ಕಳ್ದೋಗಿದ್ರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರೊಳಗೆ ಆಪ್ಷನ್ಸ್, ಅದ್ರೊಳಗೆ ಕ್ಯಾಬ್ಸ್ ಅಂತ ಫೋಲ್ಡರ್ ಇದ್ಯಾ ನೋಡಿ, ಇದ್ರೆ ಆ ದಾರಿ ಕೊಟ್ರೆ ಸಾಕು. ಇರೋ ಫೈಲ್ ಹೊಸದು, ಅದನ್ನೇ ಇಟ್ಕೊಳ್ಳಾ ಅಂತ ಕೇಳಿದ್ರೆ ಎಸ್ ಅನ್ನಿ.

ರೀಸ್ಟಾರ್ಟ್ ಆದ್ಮೇಲೆ ಡಿವೈಸ್ ಮ್ಯಾನೇಜರಲ್ಲಿ ಕಾರ್ಡ್ ಪಕ್ಕ ಹಳದಿ ಗುರುತು ಬಂದಿದ್ರೆ ಸೌಂಡ್ ಕಾರ್ಡ್ ಜೊತೆ ಐಆರ್‌ಕ್ಯೂ ಜಗಳ, ಅಂದ್ರೆ ಎರಡು ಕಾರ್ಡೂ ಒಂದೇ ಸಿಗ್ನಲ್ ಲೈನಿಗೆ ಕಿತ್ತಾಡೋದು, ಇರ್ಬೋದು. ನಾವು ಪಕ್ಕದ ಸ್ಲಾಟಿಗೆ ಬದಲಾಯಿಸಿದ್ವಿ, ಹೋಯ್ತು.

ಅಡ್ರೆಸ್ ಕೊಡೋದು

ಕೇಬಲ್ಲನ್ನ ಮನೆ ರೂಟರಿನ ಲ್ಯಾನ್ ಪೋರ್ಟಿಗೆ ಹಾಕಿ. ಲ್ಯಾಪ್‌ಟಾಪ್ ಅದೇ ರೂಟರಿನ ವೈಫೈಲಿದ್ರೂ ನಡೆಯುತ್ತೆ, ಗೆಸ್ಟ್ ವೈಫೈ ಮಾತ್ರ ಬೇಡ, ಅದು ಒಳಗಿನ ಮಿಷನ್‌ಗಳನ್ನ ಒಂದಕ್ಕೊಂದು ಕಾಣಿಸಲ್ಲ. ರೂಟರ್ ಇಲ್ವಾ, ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟಿಗೇ ನೇರ ಹಾಕಿ, ಹಿಂದೆ ಇದಕ್ಕೆ ಕ್ರಾಸ್ ಕೇಬಲ್ಲೇ ಬೇಕಿತ್ತು, ಈಗಿನ ಗಿಗಾಬಿಟ್ ಪೋರ್ಟು ತಾನೇ ಅರ್ಥ ಮಾಡ್ಕೊಳ್ಳುತ್ತೆ, ಮಾಮೂಲಿ ಕೇಬಲ್ ಸಾಕು.

ಲ್ಯಾಪ್‌ಟಾಪಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ (ipconfig) ಅಂತ ಹೊಡೆದು ಅದರ ಐಪಿ, ಅಂದ್ರೆ ನೆಟ್‌ವರ್ಕಲ್ಲಿ ಅದರ ಅಡ್ರೆಸ್, ಬರ್ಕೊಳ್ಳಿ. ಕೆಲವು ರೂಟರಲ್ಲಿ 192.168.1 ಅಂತ ಶುರುವಾಗುತ್ತೆ, ಜಿಯೋ ಆದ್ರೆ 192.168.29. ಮೊದಲ ಮೂರು ಅಂಕಿ ಎರಡೂ ಮಿಷನ್ನಲ್ಲಿ ಒಂದೇ ಇರ್ಬೇಕು, ಕೊನೇದು ಮಾತ್ರ ಬೇರೆ. ಲ್ಯಾಪ್‌ಟಾಪ್ 192.168.29.15 ಅಂತಿಟ್ಕೊಳ್ಳಿ, ಹಳೇ ಮಿಷನ್ನಿಗೆ 192.168.29.240 ಕೊಡಿ, ಮನೇಲಿ ಬೇರೆ ಯಾವ ಫೋನೂ ಟಿವಿನೂ ಆ ನಂಬರ್ ತಗೊಂಡಿರಬಾರ್ದು ಅಷ್ಟೇ.

98ರಲ್ಲಿ ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್. ಪಟ್ಟೀಲಿ ಟಿಸಿಪಿ/ಐಪಿ, ನಿಮ್ಮ ಕಾರ್ಡಿನ ಹೆಸ್ರು ಇರೋ ಸಾಲು ಇರುತ್ತೆ. ಇಲ್ದಿದ್ರೆ ಆಡ್, ಪ್ರೋಟೋಕಾಲ್, ಮೈಕ್ರೋಸಾಫ್ಟ್, ಟಿಸಿಪಿ/ಐಪಿ. ಡಯಲ್ಅಪ್ ಅಡಾಪ್ಟರ್ ಅಂತ ಇರೋ ಸಾಲು ಬೇರೆ, ಅದನ್ನ ಮುಟ್ಟಬೇಡಿ. ಕಾರ್ಡಿನ ಸಾಲು ಆರಿಸಿ ಪ್ರಾಪರ್ಟೀಸ್, ಸ್ಪೆಸಿಫೈ ಆನ್ ಐಪಿ ಅಡ್ರೆಸ್, ಐಪಿ ಹಾಕಿ, ಸಬ್‌ನೆಟ್ ಮಾಸ್ಕ್ 255.255.255.0.

ಗೇಟ್‌ವೇ ಖಾಲಿ ಬಿಡಿ. ಇದು ನಾನು ಒತ್ತಿ ಹೇಳೋ ಮಾತು. ಗೇಟ್‌ವೇ ಇಲ್ದಿದ್ರೆ ಆ ಮಿಷನ್ನು ಮನೆಯೊಳಗೆ ಮಾತಾಡುತ್ತೆ, ಇಂಟರ್ನೆಟ್ಟಿಗೆ ದಾರಿ ಸಿಗಲ್ಲ. 98ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಂತಿದ್ದು 2006ರ ಜುಲೈಲಿ, ಅಲ್ಲಿಂದೀಚೆ ಒಂದು ಪ್ಯಾಚೂ ಬಂದಿಲ್ಲ, ಅದನ್ನ ಹೊರಗಡೆ ಬಿಡೋ ಅವಶ್ಯಕತೆನೇ ನಮಗಿಲ್ಲ.

ಓಕೆ ಕೊಟ್ರೆ ರೀಸ್ಟಾರ್ಟ್ ಕೇಳುತ್ತೆ. ಅದಾದ್ಮೇಲೆ ಪ್ರತಿ ಸಲ ಆನ್ ಆಗುವಾಗ ಹೆಸ್ರು ಪಾಸ್ವರ್ಡ್ ಕೇಳೋಕೆ ಶುರು ಮಾಡುತ್ತೆ, ಮಾವ ಇದನ್ನ ನೋಡಿ ಗಾಬರಿಯಾಗಿ "ಲೋ ಮಗ, ಲಾಕ್ ಆಗೋಯ್ತೇನ್ಲಾ" ಅಂದ್ರು. ಏನೂ ಆಗಿಲ್ಲ, ಅದೇ ನೆಟ್‌ವರ್ಕ್ ಕಿಟಕೀಲಿ ಪ್ರೈಮರಿ ನೆಟ್‌ವರ್ಕ್ ಲಾಗಾನ್ ಅನ್ನೋ ಕಡೆ ವಿಂಡೋಸ್ ಲಾಗಾನ್ ಆರಿಸಿ, ಮುಂದಿನ ಸಲ ಪಾಸ್ವರ್ಡ್ ಖಾಲಿ ಬಿಟ್ಟು ಎಂಟರ್ ಹೊಡೆದ್ರೆ ಆಮೇಲೆ ಕೇಳಲ್ಲ. ಐಪಿ ಸರಿಯಾಗಿ ಕೂತಿದ್ಯಾ ಅಂತ ನೋಡೋಕೆ 98ರಲ್ಲಿ ರನ್ ಬಾಕ್ಸಿಗೆ ವಿನ್‌ಐಪಿಸಿಎಫ್‌ಜಿ (winipcfg) ಅಂತ ಹೊಡೀಬೇಕು. 169.254 ಅಂತ ಏನಾದ್ರೂ ತೋರಿಸಿದ್ರೆ ನೀವು ಕೊಟ್ಟ ನಂಬರ್ ಸೇವ್ ಆಗಿಲ್ಲ ಅಂತ.

ಈಗ ಪಿಂಗ್ ಮಾಡಿ, ಅಂದ್ರೆ ಆ ಕಡೆ ಮಿಷನ್ನು ಉತ್ತರ ಕೊಡುತ್ತಾ ಅಂತ ping ಕಮಾಂಡಲ್ಲಿ ಕೇಳಿ ನೋಡಿ, ಆದ್ರೆ ಲ್ಯಾಪ್‌ಟಾಪಿಂದ ಹಳೇ ಮಿಷನ್ನಿಗೆ ಮಾಡಿ. ಉಲ್ಟಾ ಮಾಡಿದ್ರೆ ಹೊಸ ವಿಂಡೋಸಿನ ಫೈರ್‌ವಾಲ್ ಉತ್ತರ ಕೊಡದೇ ಇರ್ಬೋದು, ನೀವು ಕೇಬಲ್ಲೇ ಕೆಟ್ಟಿದೆ ಅಂದ್ಕೊಂಡು ಒದ್ದಾಡ್ತೀರ. ನಾನು ಅರ್ಧ ದಿನ ಕೇಬಲ್ ಬದಲಾಯಿಸ್ತಾ ಕೂತಿದ್ದು ಇದ್ರಿಂದಾನೇ.

ಶೇರಿಂಗ್ ಬೇಡ, ಎಫ್‌ಟಿಪಿ ಸಾಕು

ಇಲ್ಲಿವರೆಗೂ ಬಂದೋರು ಮುಂದೆ ಮಾಡೋದು ಫೋಲ್ಡರ್ ಶೇರಿಂಗ್, ನೆಟ್‌ವರ್ಕ್ ನೇಬರ್‌ಹುಡ್ ತೆಗೆಯೋದು, ಅಲ್ಲೇ ಸಿಕ್ಕಿಹಾಕ್ಕೊಳ್ಳೋದು. ಹಳೇ ವಿಂಡೋಸ್ ಫೈಲ್ ಶೇರಿಂಗಿಗೆ ಆಡೋ ಭಾಷೆ ಎಸ್‌ಎಂಬಿ 1. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ರಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋದು) ದೇಶದೇಶಗಳ ಆಸ್ಪತ್ರೆ, ಆಫೀಸು ಎಲ್ಲಾ ನಿಲ್ಲಿಸಿದ್ದು ಇದೇ ಎಸ್‌ಎಂಬಿ 1ರ ತೂತಿನಿಂದ, ಅದೇ ವರ್ಷ ವಿಂಡೋಸ್ 10ರ 1709 ಆವೃತ್ತಿಯಿಂದ ಅದನ್ನ ಮೈಕ್ರೋಸಾಫ್ಟ್ ತೆಗೆದಿಡೋಕೆ ಶುರು ಮಾಡ್ತು. ವಿಂಡೋಸ್ ಫೀಚರ್ಸ್‌ಗೆ ಹೋಗಿ ವಾಪಸ್ ಆನ್ ಮಾಡ್ಬೋದು, ಆದ್ರೆ ಪಾಸ್ವರ್ಡ್ ಕಳ್ಸೋ ಪದ್ಧತಿನೂ ಬೇರೆ ಆಗೋಗಿದೆ, ವಿಂಡೋಸ್ 11 24ಎಚ್2 ಅಂತೂ ಸೆಟಿಂಗ್ ಬದಲಾಯಿಸದಿದ್ರೆ ಸಾಮಾನ್ಯವಾಗಿ ಡಿಜಿಟಲ್ ಸಹಿ ಇಲ್ದಿರೋ ಸಂಪರ್ಕನೇ ಒಪ್ಪಲ್ಲ. ಒಂದು ಹಳೇ ಮಿಷನ್ನಿಗೋಸ್ಕರ ದಿನಾ ಬ್ಯಾಂಕ್ ಕೆಲಸ ಮಾಡೋ ಲ್ಯಾಪ್‌ಟಾಪಿನ ಬಾಗಿಲು ತೆಗೆದಿಡೋದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಮನೇಲಿ ಎಕ್ಸ್‌ಪಿ ಇರೋ ಲ್ಯಾಪ್‌ಟಾಪ್ ಒಂದು ಬಿದ್ದಿದ್ರೆ ಅದನ್ನ ಮಧ್ಯದಲ್ಲಿಟ್ಕೊಂಡು ಮಾಡ್ಬೋದು, ಅದು 98ರ ಜೊತೆನೂ ಮಾತಾಡುತ್ತೆ, ಪೆನ್ ಡ್ರೈವೂ ಓದುತ್ತೆ. ಇಲ್ದಿದ್ರೆ ಎಫ್‌ಟಿಪಿ, ನೆಟ್‌ವರ್ಕಲ್ಲಿ ಫೈಲ್ ಕಳ್ಸೋ ಹಳೇ ಪದ್ಧತಿ. 98ರಲ್ಲಿ ಟಿಸಿಪಿ/ಐಪಿ ಹಾಕಿದ ಕೂಡ್ಲೇ ಎಫ್‌ಟಿಪಿ ಪ್ರೋಗ್ರಾಮೂ ಬಂದಿರುತ್ತೆ, ಏನೂ ಇನ್‌ಸ್ಟಾಲ್ ಮಾಡೋ ಹಂಗಿಲ್ಲ.

ಲ್ಯಾಪ್‌ಟಾಪಲ್ಲಿ ಫೈಲ್‌ಝಿಲ್ಲಾ ಸರ್ವರ್ ಹಾಕಿ. ಕ್ಲೈಂಟ್ ಅಲ್ಲ, ಸರ್ವರ್, ಎರಡೂ ಬೇರೆ. ಅದ್ರಲ್ಲಿ ಲಿಸನರ್ಸ್ ಕಡೆ ಪೋರ್ಟ್ 21ಕ್ಕೆ ಟಿಎಲ್‌ಎಸ್ (ಗುಟ್ಟಾಗಿ ಕಳ್ಸೋ ಪದ್ಧತಿ) ಕಡ್ಡಾಯ ಅಂತಿದ್ರೆ ತೆಗೆದು ಮಾಮೂಲಿ ಎಫ್‌ಟಿಪಿನೂ ಇರ್ಲಿ ಅನ್ನೋ ಆಯ್ಕೆ ಮಾಡಿ, ಯಾಕಂದ್ರೆ 98ಕ್ಕೆ ಟಿಎಲ್‌ಎಸ್ ಗೊತ್ತಿಲ್ಲ. ಯೂಸರ್ಸ್ ಕಡೆ ಒಂದು ಹೆಸ್ರು, ಬೇರೆಲ್ಲೂ ಬಳಸದ ಒಂದು ಪಾಸ್ವರ್ಡ್ ಕೊಡಿ, ಎಫ್‌ಟಿಪಿಲಿ ಪಾಸ್ವರ್ಡ್ ಬಿಚ್ಚಿಟ್ಟೇ ಹೋಗುತ್ತೆ. ಮೌಂಟ್ ಪಾಯಿಂಟಲ್ಲಿ ವರ್ಚುವಲ್ ಪಾತ್ ಬರೀ ಒಂದು ಓರೆಗೀಟು (/), ನೇಟಿವ್ ಪಾತ್ ನಿಮ್ಮ ಖಾಲಿ ಫೋಲ್ಡರು, ರೀಡ್ ಮತ್ತು ರೈಟ್ ಎರಡೂ ಕೊಡಿ. ವೈಫೈ ಪ್ರೊಫೈಲ್ ಪ್ರೈವೇಟ್ ಅಂತ ಮಾಡಿ, ಫೈರ್‌ವಾಲಲ್ಲಿ ಒಳಗೆ ಬರೋ ಪೋರ್ಟ್ 21 ಬಿಡಿ. ಕೆಲಸ ಮುಗಿದ ದಿನ ಸರ್ವರ್ ನಿಲ್ಲಿಸಿ. ರೂಟರಲ್ಲಿ ಪೋರ್ಟ್ ಫಾರ್ವರ್ಡಿಂಗ್, ಅಂದ್ರೆ ಇಂಟರ್ನೆಟ್ಟಿಂದ ಒಳಗೆ ದಾರಿ ಬಿಡೋದು, ಯಾವ ಕಾರಣಕ್ಕೂ ಬೇಡ.

98ರಲ್ಲಿ ಸ್ಟಾರ್ಟ್, ರನ್, ಎಫ್‌ಟಿಪಿ ಅಂತ ಹೊಡೆದು ಒಂದು ಜಾಗ ಬಿಟ್ಟು ಲ್ಯಾಪ್‌ಟಾಪಿನ ಐಪಿ. ಕಪ್ಪು ಕಿಟಕಿ ಬರುತ್ತೆ, ಹೆಸ್ರು ಕೇಳುತ್ತೆ, ಪಾಸ್ವರ್ಡ್ ಕೇಳುತ್ತೆ, ಹೊಡೆಯುವಾಗ ಅಕ್ಷರ ಕಾಣಲ್ಲ, ಕಾಣದಿದ್ರೂ ಹೊಡೀರಿ. ಒಳಗೆ ಹೋದ್ಮೇಲೆ ಮೊದಲ ಕಮಾಂಡು ಬಿನ್, ಇಂಗ್ಲಿಷಿನ ಬಿ ಐ ಎನ್, ಎಂಟರ್.

ಈ ಮೂರಕ್ಷರ ಬಿಟ್ರೆ ಏನಾಗುತ್ತೆ ಅಂತ ಹೇಳ್ಬೇಕು. ಎಫ್‌ಟಿಪಿ ಸುಮ್ನಿದ್ರೆ ಪಠ್ಯ ಅಂದ್ಕೊಂಡು ಕಳ್ಸುತ್ತೆ, ದಾರೀಲಿ ಸಾಲಿನ ಕೊನೆಯ ಗುರುತುಗಳನ್ನ ಬದಲಾಯಿಸುತ್ತೆ. ನಾನು ಮೊದಲ ಸಲ ತಮ್ಮನ ಉಬುಂಟು ಲ್ಯಾಪ್‌ಟಾಪನ್ನ ಸರ್ವರ್ ಮಾಡ್ಕೊಂಡು ಸೋಬಾನೆ ಪದದ ಪೇಜ್‌ಮೇಕರ್ ಫೈಲ್ ಕಳ್ಸಿದ್ದೆ. ಹಳೇ ಮಿಷನ್ನಲ್ಲಿ ಅದು 2,41,664 ಬೈಟ್, ಈ ಕಡೆ ಬಂದಿದ್ದು 2,41,653. ಹನ್ನೊಂದೇ ಬೈಟು ಕಡಿಮೆ, ಫೈಲ್ ತೆಗೆಯಕ್ಕೇ ಆಗ್ಲಿಲ್ಲ. ಎರಡೂ ಕಡೆ ಸಂಖ್ಯೆ ಪಕ್ಕಪಕ್ಕ ಬರ್ದು ನೋಡದೇ ಇದ್ದಿದ್ರೆ, ಹಳೇ ಡಿಸ್ಕಲ್ಲಿ ಅಳಿಸಿಬಿಟ್ಟಿದ್ರೆ, ಆ ಪುಸ್ತಕ ಅಲ್ಲಿಗೇ ಮುಗೀತಿತ್ತು.

ಜಿಪ್ ಮಾಡಿ ಕಳ್ಸಿ

ಅದ್ಕೇ ಬಿಡಿ ಫೈಲ್ ಕಳ್ಸೋದು ಬೇಡ ಅಂತ ನಾನು ಹೇಳೋದು. ಎಫ್‌ಟಿಪಿಲಿ ಎಂಪುಟ್ ಕಮಾಂಡ್ ಒಂದು ಫೋಲ್ಡರಿನ ಫೈಲ್ ಎಲ್ಲಾ ಕಳ್ಸುತ್ತೆ ನಿಜ, ಆದ್ರೆ ಒಳಗಿನ ಫೋಲ್ಡರಿಗೆ ಇಳಿಯಲ್ಲ. ಅದಕ್ಕಿಂತ ಮುಖ್ಯ, ಈ ಕಡೆ ಬಂದ ಫೈಲಿಗೆಲ್ಲಾ ಇವತ್ತಿನ ತಾರೀಖು ಬೀಳುತ್ತೆ. ಡಿಟಿಪಿ ಅಂಗಡಿಲಿ ಒಂದೇ ಪುಸ್ತಕದ್ದು ಫೈನಲ್, ಫೈನಲ್ 2, ಫೈನಲ್ ಕರೆಕ್ಷನ್ ಅಂತ ನಾಲ್ಕು ಫೈಲ್ ಇರುತ್ತೆ, ಯಾವುದು ಪ್ರೆಸ್ಸಿಗೆ ಹೋಗಿದ್ದು ಅನ್ನೋದು ತಾರೀಖಿನಿಂದಲೇ ಗೊತ್ತಾಗೋದು. ಜಿಪ್ಪೊಳಗೆ ಹಾಕಿದ್ರೆ ಹಳೇ ತಾರೀಖು ಹಂಗೇ ಉಳಿಯುತ್ತೆ, ಫೋಲ್ಡರ್ ಮೇಲೆ ಫೋಲ್ಡರ್ ಇದ್ರೂ ಉಳಿಯುತ್ತೆ, ಮತ್ತೆ ಪ್ರತಿ ಫೈಲಿಗೂ ಒಂದು ಲೆಕ್ಕದ ಮುದ್ರೆ ಇರುತ್ತೆ, ದಾರೀಲಿ ಒಂದು ಬೈಟ್ ಹೆಚ್ಚುಕಮ್ಮಿ ಆದ್ರೂ ಹೇಳ್ಬಿಡುತ್ತೆ.

7-ಜಿಪ್‌ನ 9.20 ಆವೃತ್ತಿ 98ರಲ್ಲೂ ಓಡುತ್ತೆ. ಲ್ಯಾಪ್‌ಟಾಪಲ್ಲಿ ಡೌನ್‌ಲೋಡ್ ಮಾಡಿ, ಸರ್ವರಿನ ಫೋಲ್ಡರಿಗೆ ಹಾಕಿ, 98ರಿಂದ ಎಫ್‌ಟಿಪಿ ಒಳಗೆ ಬಿನ್ ಹೊಡೆದು ಆಮೇಲೆ ಗೆಟ್, ಜಾಗ ಬಿಟ್ಟು ಫೈಲ್ ಹೆಸ್ರು. ಅಲ್ಲಿಗೆ ನಿಮ್ ನೆಟ್‌ವರ್ಕ್ ಎರಡೂ ಕಡೆ ನಡೆಯುತ್ತೆ ಅನ್ನೋದೂ ಗೊತ್ತಾಯ್ತು. ಫೈಲ್ ಎಲ್ಲಿ ಬಿತ್ತು ಅಂತ ಗಾಬರಿ ಬೇಡ, ಎಲ್‌ಸಿಡಿ ಅಂತ ಹೊಡೆದ್ರೆ 98 ಈಗ ಯಾವ ಫೋಲ್ಡರಲ್ಲಿದೆ ಅಂತ ಹೇಳುತ್ತೆ, ಎಲ್‌ಸಿಡಿ ಪಕ್ಕ ದಾರಿ ಕೊಟ್ರೆ ಅಲ್ಲಿಗೆ ಹೋಗುತ್ತೆ.

ಒಂದೊಂದು ವರ್ಷದ ಫೋಲ್ಡರ್ ಒಂದೊಂದು ಜಿಪ್ ಮಾಡಿ, ಹೆಸ್ರು ಚಿಕ್ಕದಿರ್ಲಿ, ಜಾಗ ಬಿಡದೇ ಎಂಟು ಅಕ್ಷರದೊಳಗೆ. ಡಿಸ್ಕಲ್ಲಿ ಜಾಗ ಕಡಿಮೆ ಇದ್ರೆ ಒಂದು ಜಿಪ್ ಮಾಡಿ, ಕಳ್ಸಿ, ಈ ಕಡೆ ಪರೀಕ್ಷೆ ಮಾಡಿ, ಆಮೇಲೆ ಆ ಜಿಪ್ ಮಾತ್ರ ಅಳಿಸಿ ಮುಂದಿನದು. ಮೂಲ ಫೋಲ್ಡರ್ ಮುಟ್ಟಬೇಡಿ. ಕಳ್ಸೋ ಕ್ರಮ ಹಿಂಗೆ: ಬಿನ್, ಎಂಟರ್, ಹ್ಯಾಷ್, ಎಂಟರ್, ಇದು ಹೊಡೆದ್ರೆ ಫೈಲ್ ಹೋಗ್ತಾ ಇದ್ದಂಗೆ ಪರದೆ ಮೇಲೆ ಹ್ಯಾಷ್ ಗುರುತು ಸಾಲಾಗಿ ಬೀಳುತ್ತೆ, ನಿಂತೋಗಿಲ್ಲ ಅಂತ ಧೈರ್ಯ, ಪುಟ್, ಜಿಪ್ಪಿನ ಹೆಸ್ರು, ಎಂಟರ್, ಕೊನೇಲಿ ಬೈ. ಕಾರ್ಡು 100 ಎಂಬಿಪಿಎಸ್ ಆದ್ರೂ ಹಳೇ ಡಿಸ್ಕು ಪ್ರೊಸೆಸರು ಅಷ್ಟು ಎಳೆಯಲ್ಲ, ನಮಗೆ ಸೆಕೆಂಡಿಗೆ ಸುಮಾರು ಎರಡು ಎಂಬಿ ಬಂತು, ಒಂದು ಕಾಫಿ ಕುಡ್ಕೊಂಡು ಬರೋದ್ರೊಳಗೆ ಒಂದು ವರ್ಷದ ಕೆಲಸ ಈ ಕಡೆ ಬಂದಿರ್ತಿತ್ತು.

ಲ್ಯಾಪ್‌ಟಾಪಲ್ಲಿ 7-ಜಿಪ್ಪಿನ ಟೆಸ್ಟ್ ಕೊಡಿ. ಎರರ್ ಇಲ್ಲ ಅಂದ್ರೆ ಮಾತ್ರ ಆ ವರ್ಷಕ್ಕೆ ಪಟ್ಟೀಲಿ ಟಿಕ್ ಹಾಕಿ. ಬಿಚ್ಚಿದ ಕೂಡ್ಲೇ ವೈರಸ್ ಸ್ಕ್ಯಾನೂ ಮಾಡಿ, ಆ ಕಾಲದ ವರ್ಡ್ ಫೈಲಲ್ಲಿ ಮ್ಯಾಕ್ರೋ ವೈರಸ್ ಇರೋದು ಮಾಮೂಲು. ಆಂಟಿವೈರಸ್ ಫೈಲನ್ನೇ ಅಳಿಸಿಬಿಡ್ಬೋದು, ಅದ್ಕೆ ಜಿಪ್ಪಿನ ಒಂದು ಪ್ರತಿ ಬೇರೆ ಡ್ರೈವಲ್ಲಿ ಮಡಗಿ.

ಫಾಂಟ್ ಬಿಟ್ಟು ಬರ್ಬೇಡಿ

ಕನ್ನಡದೋರಿಗೆ ಇದೇ ದೊಡ್ಡ ವಿಷ್ಯ. ಆ ಕಾಲದ ನುಡಿ, ಬರಹ ಫೈಲೆಲ್ಲಾ ಯುನಿಕೋಡ್ (ಈಗಿನ ಮಿಷನ್ನೆಲ್ಲಾ ಒಂದೇ ಥರ ಓದೋ ಅಕ್ಷರ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರ್ತಾರೆ, ತಲೆಕಟ್ಟು ಒಂದು, ಒತ್ತು ಒಂದು, ಮೈ ಒಂದು. ನುಡಿ ಫಾಂಟಲ್ಲಿ ಕನ್ನಡ ಅಂತ ಬರೆದಿದ್ದನ್ನ ಫಾಂಟ್ ಇಲ್ದೇ ತೆಗೆದ್ರೆ ದೊಡ್ಡ ಪಿ, ತಲೆ ಮೇಲೆ ಗೀಟಿರೋ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎರಡು ಎಸ್ ಕೂಡಿಸಿದ ಅಕ್ಷರ, ಚಿಕ್ಕ ಕ್ಯೂ, ಮತ್ತೆ ಅದೇ ಎ, ಹಿಂಗೆ ಕಾಣುತ್ತೆ. ಫೈಲ್ ಕೆಟ್ಟೋಗಿದೆ ಅಂತ ಎಸೆಯೋರನ್ನ ನೋಡಿದೀನಿ, ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ.

ಹಂಗಾಗಿ ವಿಂಡೋಸ್ ಫೋಲ್ಡರೊಳಗಿನ ಫಾಂಟ್ಸ್ ಫೋಲ್ಡರಿಂದ ಕನ್ನಡ ಟಿಟಿಎಫ್ ಫೈಲೆಲ್ಲಾ ಒಂದು ಹೊಸ ಫೋಲ್ಡರಿಗೆ ಕಾಪಿ ಮಾಡಿ, ಅದನ್ನೂ ಜಿಪ್ ಮಾಡಿ ಮೊದಲೇ ಕಳ್ಸಿ. ಪೇಜ್‌ಮೇಕರಲ್ಲಿ ಫೋಟೋ ಎಷ್ಟೋ ಸಲ ಫೈಲೊಳಗೆ ಇರಲ್ಲ, ಬೇರೆ ಫೋಲ್ಡರಿನ ದಾರಿ ಮಾತ್ರ ಇರುತ್ತೆ, ಆ ಫೋಲ್ಡರೂ ಬರ್ಲಿ. ಈ ಕಡೆ ಪೇಜ್‌ಮೇಕರ್ ಇಲ್ಲ ಅಂದ್ರೆ ಲಿಬ್ರೆ ಆಫೀಸ್ 4.4ರಿಂದೀಚೆಗೆ ಪೇಜ್‌ಮೇಕರ್ ಫೈಲ್ ತೆಗೆಯುತ್ತೆ, ಪುಟದ ಅಂದ ಅಲ್ಲಲ್ಲಿ ಕೆಡುತ್ತೆ, ಪಠ್ಯ ಸಿಗುತ್ತೆ. ಆ ಪಠ್ಯವನ್ನ ಬರಹ ಅಥವಾ ನುಡಿ ಜೊತೆ ಬರೋ ಕನ್ವರ್ಟರಿಗೆ ಹಾಕಿ ಯುನಿಕೋಡ್ ಮಾಡ್ಕೊಳ್ಳಿ, ಆಮೇಲೆ ಮೂಲ ಪಕ್ಕದಲ್ಲಿಟ್ಕೊಂಡು ಓದಿ. ಅರ್ಕಾವತ್ತು, ಒತ್ತಿನ ಮೇಲೊತ್ತು, ದೀರ್ಘ ಇರೋ ಕಡೆ ನಿಧಾನ ಮಾಡಿ, ತಪ್ಪಾಗೋದು ಅಲ್ಲೇ.

ಸೋಬಾನೆ ಪುಸ್ತಕ ಹಿಂಗೇ ಬಂತು, ಆದ್ರೆ 48ನೇ ಪುಟಕ್ಕೇ ನಿಂತಿತ್ತು. ಮಾವ ಸ್ವಲ್ಪ ಹೊತ್ತು ಸುಮ್ನಿದ್ದು, ಬೀರು ಮೇಲಿಂದ ಒಂದು ಬಿಸ್ಕತ್ ಡಬ್ಬ ಇಳಿಸಿದ್ರು, ತುಂಬ ಫ್ಲಾಪಿ. ಡಿಸ್ಕ್ ತುಂಬಿದಾಗೆಲ್ಲಾ ಅದ್ರಲ್ಲಿ ಹಾಕಿಡ್ತಿದ್ರಂತೆ. ಫ್ಲಾಪಿ ಇದ್ರೆ ಅದನ್ನೂ ಇದೇ ದಾರೀಲಿ ತನ್ನಿ: ಹಳೇ ಮಿಷನ್ನಿನ ಫ್ಲಾಪಿ ಡ್ರೈವಿಗೆ ಮೊದ್ಲು ಬೇಡದ್ದೊಂದು ಹಾಕಿ ನೋಡಿ, ಡ್ರೈವ್ ಗೀಚ್ತಿಲ್ಲ ಅಂತ ಗೊತ್ತಾದ್ಮೇಲೆ ಬೇಕಾದ್ದು ಹಾಕಿ, ಹಾಕೋ ಮುಂಚೆ ರೈಟ್ ಪ್ರೊಟೆಕ್ಟ್ ಕಿಂಡಿ ತೆರೆದಿಡಿ, ಲೋಹದ ಬಾಗಿಲು ಸರಿಸಿ ತಟ್ಟೆ ಮೇಲೆ ಬೂಷ್ಟು ಬಂದಿದ್ಯಾ ನೋಡಿ, ಬಂದಿದ್ರೆ ಹಾಕ್ಲೇಬೇಡಿ, ಡ್ರೈವಿನ ತಲೆ ಗಲೀಜಾಗಿ ಮುಂದಿನ ಫ್ಲಾಪಿನೂ ಕೆಡುತ್ತೆ. ಒಂದೊಂದಕ್ಕೂ ಒಂದೊಂದು ಫೋಲ್ಡರ್, ಲೇಬಲ್ ಮೇಲೆ ಏನು ಬರೆದಿದ್ಯೋ ಅದೇ ಹೆಸ್ರು, ಸಿ ಡ್ರೈವಿಗೆ ಕಾಪಿ, ಜಿಪ್, ಪುಟ್. ಓದಲ್ಲ ಅಂದಿದ್ದನ್ನ ಬೇರೆ ಇಟ್ಟು ಮಾರನೇ ದಿನ ಇನ್ನೊಂದ್ಸಲ ಹಾಕಿ, ನಮಗೆ ಮೂರು ಫ್ಲಾಪಿ ಎರಡನೇ ದಿನ ಓದಿದ್ವು. ಅದ್ರಲ್ಲಿ ಒಂದರ ಮೇಲೆ ಮಾವನ ಅಕ್ಷರದಲ್ಲಿ, ನೀಲಿ ಇಂಕು ಮಾಸಿತ್ತು, ಸೋಬಾನೆ 49ರಿಂದ ಅಂತ ಬರೆದಿತ್ತು.